ಮರದ ಚೌಕಟ್ಟಿನ ಗೋಡೆ ಮತ್ತು ಬುಡದ ಬಿಗಿತ: ಸಂಶೋಧನೆ ನಡೆದುಬಂದ ದಾರಿ

ಉತ್ತರ ಅಮೆರಿಕ, ಜಪಾನ್, ಸ್ವೀಡನ್‌ಗಳಲ್ಲಿ ಬಿಡಿ ಮನೆಗಳನ್ನು ಹೆಚ್ಚಾಗಿ ಮರದಿಂದಲೇ ಕಟ್ಟುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ಹಗುರ ಚೌಕಟ್ಟಿನ ಪದ್ಧತಿಯಲ್ಲಿ, ಸಾಲಾಗಿ ನಿಲ್ಲಿಸಿದ ತೆಳುಗಂಬಗಳನ್ನು ಮೇಲೂ ಕೆಳಗೂ ಅಡ್ಡಪಟ್ಟಿಗಳಿಗೆ ಜೋಡಿಸಿ, ಆ ಚೌಕಟ್ಟಿಗೆ ಪ್ಲೈವುಡ್‌ನಂತಹ ಹಾಳೆಗಳನ್ನು ಮೊಳೆ ಹೊಡೆದು ಕೂರಿಸಲಾಗುತ್ತದೆ. ಗಾಳಿ ಅಥವಾ ಭೂಕಂಪದಿಂದ ಪಾರ್ಶ್ವಬಲ, ಅಂದರೆ ಗೋಡೆಯನ್ನು ಅದರ ಉದ್ದದ ದಿಕ್ಕಿನಲ್ಲಿ ಪಕ್ಕಕ್ಕೆ ತಳ್ಳುವ ಬಲ, ಬಿದ್ದಾಗ ಚೌಕಟ್ಟು ಓರೆಯಾಗಬಹುದು, ಗೋಡೆ ತಳಪಾಯದಿಂದ ಜಾರಬಹುದು, ಇಲ್ಲವೇ ಅದರ ಒಂದು ತುದಿ ಮೇಲೇಳಬಹುದು. ಮೊದಲನೆಯದನ್ನು ಹಾಳೆ ಮತ್ತು ಮೊಳೆಗಳು ತಡೆದರೆ, ಎರಡನೆಯದನ್ನು ಬುಡದ ಪಟ್ಟಿಯನ್ನು ಕಾಂಕ್ರೀಟಿಗೆ ಬಿಗಿಯುವ ಆಂಕರ್ ಬೋಲ್ಟ್‌ಗಳೂ ಮೂರನೆಯದನ್ನು ತುದಿಗಂಬವನ್ನು ತಳಪಾಯಕ್ಕೆ ಕಟ್ಟುವ ಹೋಲ್ಡ್‌ಡೌನ್ ಎಂಬ ಉಕ್ಕಿನ ಜೋಡಣೆಯೂ ತಡೆಯುತ್ತವೆ.

ಆರಂಭದ ಅಧ್ಯಯನಗಳ ಗಮನವೆಲ್ಲ ಚೌಕಟ್ಟು ಓರೆಯಾಗುವುದರ ಮೇಲಿತ್ತು. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯವು 1920ರ ದಶಕದ ಕೊನೆಯಲ್ಲಿ ನಡೆಸಿದ ಪರೀಕ್ಷೆಗಳು, ಅಡ್ಡಹಲಗೆಗಿಂತ ಓರೆಹಲಗೆ ಹೊಡೆದ ಗೋಡೆ ಬಹಳ ಗಟ್ಟಿ ಎಂದು ತೋರಿಸಿದವು. 1933ರ ಲಾಂಗ್ ಬೀಚ್ ಭೂಕಂಪದಲ್ಲಿ ಮರದ ಮನೆಗಳು ತಳಪಾಯದಿಂದ ಕದಲಿದ್ದು ಬೋಲ್ಟಿನ ಅಗತ್ಯವನ್ನು ಎತ್ತಿ ತೋರಿಸಿತಾದರೂ, ಬಹುಕಾಲ ಬಳಕೆಯಲ್ಲಿದ್ದ ಇ-72 ಎಂಬ ಅಮೆರಿಕದ ಪರೀಕ್ಷಾ ಮಾನಕವು ಗೋಡೆ ಮೇಲೇಳದಂತೆ ಉಕ್ಕಿನ ಸರಳುಗಳಿಂದ ಅದುಮಿ ಹಿಡಿದೇ ಬಲವನ್ನು ಅಳೆಯುತ್ತಿತ್ತು. ಹೀಗೆ ದೊರೆತ ಅಂಕಿ ಹಾಳೆ–ಮೊಳೆಗಳ ಶಕ್ತಿಯನ್ನು ಹೇಳುತ್ತಿತ್ತೇ ಹೊರತು ನಿಜವಾಗಿ ಕಟ್ಟಿದ ಗೋಡೆಯದನ್ನಲ್ಲ. ಅನಂತರ ಬಂದ ಇ-564 ಮಾನಕವು ವಾಸ್ತವದ ಜೋಡಣೆಯೊಡನೆಯೇ ಗೋಡೆಯನ್ನು ಪರೀಕ್ಷಿಸುವ ಕ್ರಮವನ್ನು ತಂದಿತು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಸರಳ ಲೆಕ್ಕದಿಂದಲೇ ತಿಳಿಯುತ್ತದೆ. 2.4 ಮೀಟರ್ ಎತ್ತರ, 1.2 ಮೀಟರ್ ಉದ್ದದ ಗೋಡೆಯ ತಲೆಯ ಮೇಲೆ 10 ಕಿಲೋನ್ಯೂಟನ್ ಬಲ ಬಿದ್ದರೆ, ಮೇಲಿನ ಭಾರವನ್ನು ಲೆಕ್ಕಿಸದಿದ್ದಾಗ, ತುದಿಗಂಬವನ್ನು ಸುಮಾರು 20 ಕಿಲೋನ್ಯೂಟನ್ ಬಲ ಮೇಲಕ್ಕೆಳೆಯುತ್ತದೆ, ಗೋಡೆ 4.8 ಮೀಟರ್ ಉದ್ದವಿದ್ದರೆ ಅದು 5ಕ್ಕೆ ಇಳಿಯುತ್ತದೆ. ಹೋಲ್ಡ್‌ಡೌನ್ ಇದ್ದಾಗ ಈ ಎಳೆತ ನೇರವಾಗಿ ತಳಪಾಯ ಸೇರುವುದರಿಂದ ಮೊಳೆಗಳೆಲ್ಲ ಪಾರ್ಶ್ವಬಲ ತಡೆಯಲು ಉಳಿಯುತ್ತವೆ. ಅದಿಲ್ಲದಿದ್ದಾಗ ಬುಡದಂಚಿನ ಮೊಳೆಗಳೇ ಎಳೆತವನ್ನೂ ಹೊರಬೇಕಾಗಿ ಮೂಲೆಯಿಂದ ಒಂದೊಂದಾಗಿ ಕಿತ್ತುಬರುತ್ತವೆ. ಹಾಳೆ ಬುಡದ ಪಟ್ಟಿಯ ಒಂದಂಚನ್ನು ಮೇಲೆತ್ತುತ್ತದೆ, ಬೋಲ್ಟ್ ನಡುವನ್ನು ಹಿಡಿದಿರುತ್ತದೆ. ಆಗ ಪಟ್ಟಿ ಎಳೆಗೆ ಅಡ್ಡವಾಗಿ ಬಾಗಿ ಎಳೆಯ ಗುಂಟ ಸೀಳುತ್ತದೆ.

1994ರ ನಾರ್ತ್‌ರಿಡ್ಜ್ ಮತ್ತು 1995ರ ಕೋಬೆ ಭೂಕಂಪಗಳು ಈ ವಿಷಯವನ್ನು ಸಂಶೋಧನೆಯ ಮುನ್ನೆಲೆಗೆ ತಂದವು. ಸೀಳುವಿಕೆಯನ್ನು ತಡೆಯಲು ಅಮೆರಿಕದ ಸಂಹಿತೆಗಳು ಭೂಕಂಪ ವಲಯಗಳಲ್ಲಿ ಬೋಲ್ಟಿನಡಿ ಅಗಲವಾದ ಚೌಕ ವಾಷರ್‌ಗಳನ್ನು ವಿಧಿಸಿದವು. ಕೋಬೆಯಲ್ಲಿ ಕಂಬಗಳ ಬುಡವೇ ಕಳಚಿ ಮನೆಗಳು ಕುಸಿದದ್ದರಿಂದ, ಜಪಾನ್ 2000ದಲ್ಲಿ ಕಂಬದ ತುದಿಗಳ ಲೋಹದ ಜೋಡಣೆಗೆ ಸ್ಪಷ್ಟ ನಿಯಮ ರೂಪಿಸಿತು. 2009ರಲ್ಲಿ ಅಲ್ಲಿನ ಮಿಕಿ ನಗರದ ಕಂಪನ ವೇದಿಕೆಯ ಮೇಲೆ ಆರಂತಸ್ತಿನ ಮರದ ಕಟ್ಟಡವನ್ನು ಪರೀಕ್ಷಿಸಿದಾಗ, ಅಂತಸ್ತುಗಳನ್ನು ತಳಪಾಯಕ್ಕೆ ಹೆಣೆದದ್ದು ಅಖಂಡ ಉಕ್ಕಿನ ಸರಳುಗಳೇ.

ಇದೇ ಕಾಲದಲ್ಲಿ ಭಾಗಶಃ ಬಿಗಿದ ಗೋಡೆಗಳ ಶಕ್ತಿಯನ್ನು ಲೆಕ್ಕಹಾಕುವ ಯತ್ನವೂ ನಡೆಯಿತು. ಕೆನಡಾದ ಚುನ್ ನಿ ಮತ್ತು ಎರೋಲ್ ಕರಾಜಾಬೇಲಿ ಅವರ ಅಧ್ಯಯನದ ಹಿನ್ನೆಲೆಯಲ್ಲಿ, ಹೋಲ್ಡ್‌ಡೌನ್ ಇಲ್ಲದ ಗೋಡೆಗೆ ಮೇಲಿನ ಭಾರವನ್ನು ಪರಿಗಣಿಸಿ ಶಕ್ತಿಯನ್ನು ತಗ್ಗಿಸುವ ಗುಣಕವು ಆ ದೇಶದ ಮಾನಕಕ್ಕೆ ಸೇರಿತು. ಸ್ವೀಡನ್ನಿನ ಕೆಲ್ಸ್ನರ್ ಮತ್ತು ಗಿರ್ಹಾಮರ್ ಅಂತಹ ಗೋಡೆಗೆ ಪ್ಲಾಸ್ಟಿಕ್ ಸಿದ್ಧಾಂತದ ನೆಲೆಯಲ್ಲಿ, ಎಂದರೆ ಮೊಳೆಗಳೆಲ್ಲ ತಮ್ಮ ಗರಿಷ್ಠ ಬಲ ಮುಟ್ಟಿಯೂ ಹಿಡಿತ ಬಿಡುವುದಿಲ್ಲವೆಂದು ಭಾವಿಸಿ, ವಿಶ್ಲೇಷಣೆ ಒದಗಿಸಿದರು. ಈ ಎಲ್ಲ ಅಧ್ಯಯನಗಳಿಂದ ಸ್ಥಿರಪಟ್ಟ ನಿಲುವು ಒಂದೇ: ಬುಡವನ್ನು ಹೇಗೆ ಬಿಗಿಯಲಾಗಿದೆ ಎಂದು ಹೇಳದೆ ಮರದ ಗೋಡೆಯ ಬಲವನ್ನು ಅಂಕಿಯಲ್ಲಿ ಸೂಚಿಸಿದರೆ ಆ ಅಂಕಿ ಅಪೂರ್ಣ.