ಒಂದು ಬೀಜ, ಮೂರು ಮೊಳಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಕಾಗ್ಜಿ ಲಿಂಬೆ ಬೀಜದಿಂದಲೇ ಬೆಳೆದು ಬಂದ ಬೆಳೆ. ಚೆನ್ನಾಗಿ ಫಲ ಕೊಡುವ ಹಳೆಯ ಗಿಡವನ್ನು ಗುರುತು ಮಾಡಿ, ಮಾಗಿದ ಹಣ್ಣಿನ ಬೀಜ ತೆಗೆದು ತೊಳೆದು, ಪೂರಾ ಒಣಗುವ ಮುನ್ನವೇ ಮಡಿಗೆ ಹಾಕಬೇಕು. ತಡವಾದರೆ ಮೊಳೆಯುವ ಶಕ್ತಿ ಕುಂದುತ್ತದೆ. ಕೆಲವು ವಾರ ಕಳೆದರೆ ಒಂದೇ ಬೀಜ ಬಿದ್ದ ಜಾಗದಲ್ಲಿ ಎರಡು, ಒಮ್ಮೊಮ್ಮೆ ಮೂರು ಸಸಿ ಎದ್ದಿರುತ್ತವೆ. ಅಗಿ ಕೀಳುವಾಗ ತೀರಾ ಕುಳ್ಳಾದದ್ದನ್ನು, ಎಲೆಯ ರೂಪ ಬೇರೆಯಾದದ್ದನ್ನು ಎಸೆದು, ಒಂದೇ ಅಳತೆಯ ಸಸಿಗಳನ್ನು ಉಳಿಸಿಕೊಳ್ಳುವುದು ಸಸಿಮಡಿಯ ರೂಢಿ.

ಆಪೂಸಿನ ವಾಟೆ ನೆಟ್ಟರೆ ಆಪೂಸು ಬರುತ್ತದೆಂಬ ಭರವಸೆಯಿಲ್ಲ. ಲಿಂಬೆಯ ಬೀಜ ಮಾತ್ರ ಹೆಚ್ಚುಕಡಿಮೆ ತಾಯಿಗಿಡವನ್ನೇ ಮರಳಿ ಕೊಡುತ್ತದೆ. ಯಾಕೆ?

ಉತ್ತರದ ಹುಡುಕಾಟ ಶುರುವಾದದ್ದು ಕಿತ್ತಳೆಯ ಬೀಜದಿಂದ. 1719ರಲ್ಲಿ ಡಚ್ಚರ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್ ಅದರೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದನ್ನು ಕಂಡ. ಅವು ಎಲ್ಲಿಂದ ಬಂದವೆಂದು ತಿಳಿಯಲು ಮತ್ತೆ ಒಂದೂವರೆ ಶತಮಾನ ಹಿಡಿಯಿತು. 1878ರಲ್ಲಿ ಜರ್ಮನಿಯ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಅದನ್ನು ಬಿಡಿಸಿಟ್ಟ. ಪರಾಗ ಸೇರಿ ಹುಟ್ಟುವ ಭ್ರೂಣ ಒಂದೇ. ಉಳಿದವು ಅದರ ಸುತ್ತಲಿನ ನ್ಯೂಸೆಲಸ್ ಎಂಬ ತಾಯಿಯ ಅಂಗಾಂಶದಿಂದ ಏಳುತ್ತವೆ. ತಂದೆಯ ಪಾಲೇ ಇಲ್ಲದ ಈ ಭ್ರೂಣಗಳು ತಾಯಿಯ ತದ್ರೂಪು. ಬೀಜದೊಳಗಿನ ಜಾಗಕ್ಕೂ ಆಹಾರಕ್ಕೂ ನಡೆಯುವ ಪೈಪೋಟಿಯಲ್ಲಿ ಬಹಳ ಸಲ ಗೆಲ್ಲುವುದೂ ಇವೇ. ಮಡಿಯಲ್ಲಿ ಒಂದೇ ಅಳತೆಯಲ್ಲಿ ನಿಲ್ಲುವ ಸಸಿಗಳು ಹೆಚ್ಚಾಗಿ ತಾಯಿಯ ನಕಲುಗಳು, ಕುಳ್ಳಾಗಿ ಬೇರೆಯಾಗಿ ಕಾಣುವುದು ಹೆಚ್ಚಾಗಿ ಪರಾಗದ ಕೂಸು.

ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಹೊವರ್ಡ್ ಫ್ರಾಸ್ಟ್ ಇಂಥ ಸಸಿಗಳನ್ನು ವರ್ಷಗಟ್ಟಲೆ ಬೆಳೆಸಿ ನೋಡಿ 1926ರಲ್ಲಿ ವಿವರವಾಗಿ ಬರೆದ. ಲಿಂಬೆ, ಕಿತ್ತಳೆಗಳ ಈ ಸಿಟ್ರಸ್ ಕುಲದ ಗಿಡಗಳಲ್ಲಿ ಕಂಡುಬಂದ ಒಂದು ಸಂಗತಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ತಾಯಿ ಎಷ್ಟೇ ಮುದಿಯಾಗಿರಲಿ, ನ್ಯೂಸೆಲಸ್‌ನಿಂದ ಬಂದ ಸಸಿ ಮತ್ತೆ ಎಳೆತನದಿಂದ ಶುರುಮಾಡುತ್ತದೆ. ಮೈತುಂಬ ಮುಳ್ಳು, ಹುರುಪಿನ ಬೆಳವಣಿಗೆ, ತಡವಾದ ಕಾಯಿ. ಈ ಗಿಡಗಳನ್ನು ಕಾಡುವ ಟ್ರಿಸ್ಟೆಜಾದಂಥ ವೈರಸ್‌ಗಳೂ ಸಾಮಾನ್ಯವಾಗಿ ಬೀಜ ದಾಟಿ ಬರುವುದಿಲ್ಲ. ಮೈ ಹಳೆಯ ಗಿಡದ್ದೇ, ವಯಸ್ಸು ಮಾತ್ರ ಹೊಸದು.

ಭಾರತದಲ್ಲಿ ಇದನ್ನು ಮುಂದಕ್ಕೊಯ್ದದ್ದು ದೆಹಲಿ ವಿಶ್ವವಿದ್ಯಾಲಯದ ಪಂಚಾನನ ಮಹೇಶ್ವರಿ ಅವರ ಪ್ರಯೋಗಾಲಯ. ಅಲ್ಲಿ ಎನ್.ಎಸ್. ರಂಗಸ್ವಾಮಿ 1958ರ ಹೊತ್ತಿಗೆ ಸಿಟ್ರಸ್‌ನ ನ್ಯೂಸೆಲಸ್ ತುಣುಕನ್ನು ಗಾಜಿನ ನಳಿಕೆಯಲ್ಲಿ ಸಾಕಿ, ಅದರಿಂದಲೇ ಭ್ರೂಣಗಳನ್ನು ಪಡೆದರು.

ಲಿಂಬೆಯಲ್ಲಿ ಬೆಳೆದ ಅಂಗಾಂಶವೂ ಮತ್ತೆ ಭ್ರೂಣವಾಗಬಲ್ಲದು. ಪ್ರಾಣಿಗಳಲ್ಲಿ ಇಂಥ ಶಕ್ತಿ ಬಹಳ ಬೇಗ ತೀರುತ್ತದೆ. ಫಲಿತ ಅಂಡ ಕೆಲವು ದಿನ ಒಡೆದೊಡೆದು ಟೊಳ್ಳು ಗುಳ್ಳೆಯಂತಾದಾಗ, ಅದರೊಳಗಿನ ಒಂದು ಪುಟ್ಟ ಕೋಶಗುಂಪು ದೇಹದ ಯಾವ ಅಂಗಾಂಶವಾದರೂ ಆಗಬಲ್ಲದು. ಆ ಅವಕಾಶ ಬೇಗ ಮುಗಿದುಹೋಗುತ್ತದೆ. ಅದನ್ನು ತಟ್ಟೆಯಲ್ಲಿ ಹಿಡಿದಿಡಲು 1981ರಲ್ಲಿ ಇಲಿಯ ಭ್ರೂಣದಲ್ಲಿ ಮಾರ್ಟಿನ್ ಇವಾನ್ಸ್, ಮ್ಯಾಥ್ಯೂ ಕಾಫ್‌ಮನ್ ಜೋಡಿಗೂ ಗೇಲ್ ಮಾರ್ಟಿನ್ ಅವರಿಗೂ ಸಾಧ್ಯವಾಯಿತು. 1998ರಲ್ಲಿ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಇಂಥ ಕೋಶಗಳನ್ನು, ಅಂದರೆ ಆಕರ ಕೋಶಗಳನ್ನು (ಸ್ಟೆಮ್ ಸೆಲ್) ಬೆಳೆಸಿದರು. ಈ ಕೋಶಗಳು ಒಡೆದಾಗ ಎರಡೂ ಮರಿಕೋಶಗಳು ಅದೇ ಸ್ಥಿತಿಯಲ್ಲಿ ಉಳಿಯಬೇಕು. ಆಕ್ಟ್4, ಸಾಕ್ಸ್2, ನ್ಯಾನಾಗ್ ಎಂಬ ಮೂರು ಪ್ರೋಟೀನ್‌ಗಳು ಪರಸ್ಪರರ ಜೀನ್‌ಗಳನ್ನು ಜಾಗೃತವಾಗಿಟ್ಟು, ನರವೋ ಸ್ನಾಯುವೋ ಆಗಲು ಎಳೆಯುವ ಜೀನ್‌ಗಳನ್ನು ತಡೆಹಿಡಿಯುತ್ತವೆ. ಒಳಗಿನ ಏರ್ಪಾಟು ಇಷ್ಟೇ ಸಾಲದು, ಹೊರಗಿನ ಸಂಕೇತವೂ ಬೇಕು. ಇಲಿಯ ಕೋಶಗಳಿಗೆ ಲಿಫ್ ಎಂಬ ಪ್ರೋಟೀನ್, ಮನುಷ್ಯರ ಕೋಶಗಳಿಗೆ ಎಫ್‌ಜಿಎಫ್2. ಅದು ನಿಂತರೆ ಕೋಶಗಳು ತಂತಮ್ಮ ದಾರಿ ಹಿಡಿಯುತ್ತವೆ.

ಕರ್ನಾಟಕ ಈ ಚರಿತ್ರೆಯ ಹೊರಗಿಲ್ಲ. 2001ರಲ್ಲಿ ಅಮೆರಿಕ ಸರ್ಕಾರ ಅನುದಾನಕ್ಕೆ ಅರ್ಹವೆಂದು ಪಟ್ಟಿಮಾಡಿದ ಮಾನವ ಭ್ರೂಣದ ಆಕರ ಕೋಶಗಳ 64 ಪೀಳಿಗೆಗಳಲ್ಲಿ (ತಟ್ಟೆಯಲ್ಲಿ ಒಡೆಯುತ್ತಲೇ ಸಾಗುವ ಕೋಶಸಂತತಿಗಳಲ್ಲಿ) 3 ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನವು. 2009ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಗುಣಮಟ್ಟ ಕಡಿಮೆಯೆಂದು ಬದಿಗಿಟ್ಟ ಭ್ರೂಣಗಳಿಂದ ಎರಡು ಸೋದರ ಪೀಳಿಗೆಗಳನ್ನು ಬೆಳೆಸಿದ ವಿವರ ಪ್ರಕಟಿಸಿದರು. ಎಸೆಯಬೇಕಾದದ್ದರಲ್ಲೂ ಪೂರ್ಣ ಸಾಮರ್ಥ್ಯದ ಕೋಶ ಉಳಿದಿತ್ತು.

ಲಿಂಬೆಯ ಕೋಶವೂ ಪ್ರಾಣಿಯ ಆಕರ ಕೋಶವೂ ಒಂದೇ ಅಲ್ಲ, ಒಳಗಿನ ಜೀನ್‌ಗಳೇ ಬೇರೆ. ಸಿಟ್ರಸ್ ಕುಲದ ಬಹುಭ್ರೂಣ ಗುಣದ ಹಿಂದಿರುವ ಜೀನ್‌ಗೆ ಚೀನಾದ ಸಂಶೋಧಕರು 2017ರಲ್ಲಿ ಬೆರಳು ತೋರಿಸಿದರು. ಅದರ ಹೆಸರು ಸಿಟ್‌ಆರ್‌ಡಬ್ಲ್ಯುಪಿ. ಅದರ ಮುಂಭಾಗದಲ್ಲಿ ಹೊರಗಿಂದ ಬಂದು ಸೇರಿದ ಸಣ್ಣ ಡಿಎನ್‌ಎ ತುಣುಕೊಂದು ಈ ಗುಣದ ಜೊತೆಜೊತೆಗೇ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತದೆ. ಬೆಳೆದ ಜೀವಿಯ ಕೋಶವನ್ನು ಭ್ರೂಣದ ಸ್ಥಿತಿಗೆ ಮರಳಿಸಲು ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಕೋಶಕ್ಕೆ ನಾಲ್ಕು ಜೀನ್ ಸೇರಿಸಬೇಕಾಯಿತು. ಲಿಂಬೆ ಅಂಥದೊಂದು ಮರಳುವಿಕೆಯನ್ನು ಪ್ರತಿ ಫಸಲಿನಲ್ಲೂ ತಾನಾಗಿ ಮಾಡುತ್ತದೆ.

2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಹಣ್ಣಿನ ಗುಣ ತಲೆಮಾರುಗಳಾಚೆಗೂ ಕೆಡದೆ ಬಂದದ್ದರಲ್ಲಿ ನ್ಯೂಸೆಲಸ್‌ನ ಪಾಲು ದೊಡ್ಡದು. ಅಪಾಯವೂ ಅಲ್ಲೇ ಇದೆ. ಕೆಲವೇ ತಾಯಿಗಿಡಗಳ ನಕಲು ತುಂಬಿದ ತೋಟಗಳಿಗೆ ಕಜ್ಜಿ ರೋಗವೋ ಹೊಸ ವೈರಸ್ಸೋ ಬಂದರೆ ಎಲ್ಲ ಗಿಡಗಳೂ ಒಂದೇ ಥರ ಸೋಲುತ್ತವೆ. ಹೊಸ ಜೀನ್‌ಗಳ ಬೆರಕೆ ಇರುವುದು ಮಡಿಯಲ್ಲಿ ಕಿತ್ತೆಸೆಯುವ ಆ ಕುಳ್ಳ ಸಸಿಯಲ್ಲಿ. ರೈತ ಅದನ್ನು ಸಾಕಲಾರ, ಫಲ ನೋಡಲು ನಾಲ್ಕೈದು ವರ್ಷ ನೀರು ಹೊತ್ತು ಕಾಯಬೇಕು. ಮಂಡಳಿಯೂ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೂ ಈ ನಾಲ್ಕು ತಾಲ್ಲೂಕಿನ ಸಸಿಮಡಿಗಳಿಂದ ಇಂಥ ಕುಳ್ಳ ಸಸಿಗಳನ್ನು ಕೂಡಿಸಿ, ಒಂದಿಷ್ಟು ಎಕರೆಯಲ್ಲಿ ಬೆಳೆಸಿ, ಬರ ಮತ್ತು ರೋಗ ತಡೆಯುವ ಗಿಡಗಳನ್ನು ಆರಿಸಲು ಈಗಲೇ ತೊಡಗಬೇಕು.