ಗುಂಡಿ ಸವೆದಿದೆ, ಗುಟ್ಟು ಸವೆದಿಲ್ಲ!

ಕಾರಿನ ರಿಮೋಟ್ ಕೀಗೆ ವಯಸ್ಸಾಗಿದೆ ಅಂತ ಅದರ ಮುಖ ನೋಡಿದರೇ ಗೊತ್ತಾಗುತ್ತದೆ. ಬಾಗಿಲು ತೆರೆಯುವ ಗುಂಡಿಯ ಮೇಲಿನ ಬೀಗದ ಚಿತ್ರ ಮೊದಲು ಮಾಸುತ್ತದೆ. ಆಮೇಲೆ ಉಗುರು ತಾಗುವ ಜಾಗದಲ್ಲಿ ರಬ್ಬರು ತೆಳ್ಳಗಾಗಿ ಹರಿಯುತ್ತದೆ. ಕೊನೆಗೊಂದು ದಿನ ಅಲ್ಲಿ ತೂತಷ್ಟೇ ಉಳಿಯುತ್ತದೆ. ಡಿಕ್ಕಿ ತೆರೆಯುವ ಗುಂಡಿ ಮಾತ್ರ ಹೊಸದರ ಹಾಗೇ ಇರುತ್ತದೆ :-) ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, "ರಬ್ಬರ್ ಬೇರೆ ಬರಲ್ಲ ಸಾರ್, ಪೂರ್ತಿ ಕೀನೇ ಹಾಕಿಸ್ಬೇಕು". ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಚಿಟಿಕೆಯಷ್ಟು ರಬ್ಬರಿಗಾಗಿ ಇಡೀ ಕೀ ಯಾಕೆ ಬದಲಾಯಿಸಬೇಕು? ಉತ್ತರ ಬೇಕಾದರೆ ಕೀ ನಡೆದು ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಹ್ಯಾಂಡಲ್ ಸುತ್ತುವ ಕಷ್ಟ ತಪ್ಪಿತು. ಆದರೂ ಮುಂದೆ ಬಹಳ ಕಾಲ ಇಂಜಿನ್ ಚಾಲೂ ಮಾಡಲು ಬೇರೆಯೇ ಗುಂಡಿ ಅಥವಾ ಪೆಡಲ್ ಇರುತ್ತಿತ್ತು. ಕೀ ತಿರುಗಿಸಿದರೆ ಇಂಜಿನ್ ಚಾಲೂ ಆಗುವ ಏರ್ಪಾಡನ್ನು ಕ್ರೈಸ್ಲರ್ ತಂದದ್ದು 1949ರಲ್ಲಿ. ಆ ಕೀಯ ಗುಟ್ಟೆಲ್ಲ ಅದರ ಹಲ್ಲುಗಳಲ್ಲೇ ಇತ್ತು. ನಮ್ಮ ಅಂಬಾಸಡರ್, ಪದ್ಮಿನಿ, ಮೊದಮೊದಲ ಮಾರುತಿ 800ರ ಕೀ ಕೂಡ ಇಷ್ಟೇ. ರಸ್ತೆ ಬದಿಯಲ್ಲಿ ಅರ ಹಿಡಿದು ಕೂತವನು ಹತ್ತು ನಿಮಿಷದಲ್ಲಿ ಇನ್ನೊಂದು ಮಾಡಿಕೊಡುತ್ತಿದ್ದ. ಕಳ್ಳನಿಗೂ ಅಷ್ಟೇ ಸುಲಭ, ಬಿಡಿ!

ಇಲ್ಲಿಂದ ಮುಂದೆ ಕಥೆ ಎರಡು ದಾರಿ ಹಿಡಿಯುತ್ತದೆ. ಒಂದು ಗುಂಡಿಯ ಕಥೆ, ಇನ್ನೊಂದು ಗುಟ್ಟಿನ ಕಥೆ.

ಮೊದಲು ಗುಂಡಿ. 1982ರಲ್ಲಿ ಫ್ರಾನ್ಸಿನ ರೆನೋ ಕಂಪನಿಯ ಫ್ಯೂಗೋ ಕಾರಿಗೆ ದೂರದಿಂದಲೇ ಬಾಗಿಲು ತೆರೆಯುವ ರಿಮೋಟ್ ಬಂತು. ಟೀವಿ ರಿಮೋಟಿನ ಹಾಗೆ ಇದೂ ಕೆಲಸ ಮಾಡುತ್ತಿದ್ದದ್ದು ಅವಕೆಂಪು ಬೆಳಕಿನಿಂದ. ಇದನ್ನು ರೂಪಿಸಿದವರು ಪಾಲ್ ಲಿಪ್‌ಶುಟ್ಸ್. ಅವರ ಹೆಸರಿನಿಂದಲೇ ಅದಕ್ಕೆ 'ಪ್ಲಿಪ್' ಅಂತ ಹೆಸರಾಯಿತು, ಫ್ರೆಂಚರು ಕಾರಿನ ರಿಮೋಟಿಗೆ ಈಗಲೂ ಹಾಗೇ ಅನ್ನುತ್ತಾರೆ. ಅಂದ ಹಾಗೆ, ರಬ್ಬರ್ ಕೀಲಿಮಣೆಯ ಝಡ್‌ಎಕ್ಸ್ ಸ್ಪೆಕ್ಟ್ರಂ ಕಂಪ್ಯೂಟರ್ ಬ್ರಿಟನ್ನಿನಲ್ಲಿ ಬಂದದ್ದೂ ಅದೇ ವರ್ಷ. ಅಗ್ಗದ, ನೀರು ಧೂಳು ತಡೆಯುವ ಸಿಲಿಕೋನ್ ರಬ್ಬರಿನ ಗುಂಡಿಗಳು ಕ್ಯಾಲ್ಕುಲೇಟರಿನಿಂದ ಹಿಡಿದು ಟೀವಿ ರಿಮೋಟಿನವರೆಗೆ ಎಲ್ಲ ಕಡೆ ಸೇರಿಕೊಂಡವು.

ಇದರ ಕೆಲಸ ಬಹಳ ಸರಳ. ಕೆಲವು ರಿಮೋಟುಗಳಲ್ಲಿ ರಬ್ಬರಿನ ತಳದಲ್ಲಿ ಇಂಗಾಲದ ಪುಟ್ಟ ಬಿಲ್ಲೆ ಇರುತ್ತದೆ. ಒತ್ತಿದಾಗ ಅದು ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಕೂಡಿಸುತ್ತದೆ. ಇನ್ನು ಹಲವದರಲ್ಲಿ ಬೋರ್ಡಿಗೆ ಬೆಸುಗೆ ಹಾಕಿದ, 'ಟಿಕ್' ಅನ್ನುವ ಪುಟ್ಟ ಸ್ವಿಚ್ ಇರುತ್ತದೆ, ರಬ್ಬರು ಅದರ ಮೇಲಿನ ಹೊದಿಕೆ ಅಷ್ಟೇ. ಎರಡರಲ್ಲೂ ಗುಂಡಿಗೆ ಯಾವ ಗುಟ್ಟೂ ಗೊತ್ತಿಲ್ಲ!

ಈಗ ಗುಟ್ಟು. ರಿಮೋಟುಗಳು ಬೆಳಕು ಬಿಟ್ಟು ರೇಡಿಯೋ ಅಲೆಗೆ ಬದಲಾದವು. ಪ್ರತಿ ಸಲ ಒಂದೇ ಸಂಕೇತ ಕಳಿಸಿದರೆ ಕಳ್ಳ ಅದನ್ನು ಹಿಡಿದಿಟ್ಟುಕೊಂಡು ಆಮೇಲೆ ತಾನೇ ಕಳಿಸಬಹುದು. ಇದಕ್ಕೆ ಉಪಾಯವಾಗಿ ಬಂದದ್ದು ರೋಲಿಂಗ್ ಕೋಡ್, ಅಂದರೆ ಪ್ರತಿ ಒತ್ತಿಗೂ ಬದಲಾಗುವ ಸಂಕೇತ. ಅಂಥದ್ದರಲ್ಲಿ ಹೆಸರುವಾಸಿಯಾದ ಕೀಲಾಕ್ ಹುಟ್ಟಿದ್ದು 1980ರ ದಶಕದ ದಕ್ಷಿಣ ಆಫ್ರಿಕಾದಲ್ಲಿ. ಅಮೆರಿಕದ ಮೈಕ್ರೋಚಿಪ್ ಕಂಪನಿ ಅದನ್ನು ಕೊಂಡದ್ದು 1995ರಲ್ಲಿ. ರಿಮೋಟ್ ಒಂದು ಎಣಿಕೆ ಇಟ್ಟುಕೊಂಡು ಅದನ್ನು ಗೂಢಲಿಪಿ ಮಾಡಿ ಕಳಿಸುತ್ತದೆ, ಕಾರೂ ಅದೇ ಎಣಿಕೆ ಇಟ್ಟುಕೊಂಡಿರುತ್ತದೆ. ಮಗು ಆಟಕ್ಕೆ ನಾಲ್ಕು ಸಲ ಒತ್ತಿದರೂ ತೊಂದರೆಯಿಲ್ಲ, ಸ್ವಲ್ಪ ಮುಂದೆ ಹೋದ ಎಣಿಕೆಯನ್ನು ಕಾರು ಒಪ್ಪಿಕೊಳ್ಳುತ್ತದೆ. ಈ ಎಣಿಕೆ ಇರುವುದು ಬ್ಯಾಟರಿ ತೆಗೆದರೂ ಮರೆಯದ ಮೆಮೊರಿಯಲ್ಲಿ.

ಇನ್ನೊಂದು ಗುಟ್ಟೂ ಇದೆ. 1986ರ ಶೆವರ್ಲೆ ಕಾರ್ವೆಟ್ ಕೀಯಲ್ಲಿ ಒಂದು ರೆಸಿಸ್ಟರ್ ಕೂರಿಸಿದರು. ಒಟ್ಟು 15 ಬಗೆಯ ಬೆಲೆಗಳು, ಸರಿಯಾದದ್ದು ಸಿಗದಿದ್ದರೆ ಇಂಜಿನ್ ಚಾಲೂ ಆಗದು. ಆಮೇಲೆ ಅದರ ಜಾಗಕ್ಕೆ ಟ್ರಾನ್ಸ್‌ಪಾಂಡರ್ ಚಿಪ್ ಬಂತು. ಇದಕ್ಕೆ ಬ್ಯಾಟರಿಯೇ ಬೇಡ! ಇಗ್ನಿಷನ್ ಸುತ್ತ ಇರುವ ತಂತಿಯ ಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಕಾರು ಕಳ್ಳತನ ಹೆಚ್ಚಿದ್ದ ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಂಥ ಇಮ್ಮೊಬಿಲೈಸರ್ ಕಡ್ಡಾಯವಾಯಿತು.

ಹೀಗೆ ಒಂದೇ ಪ್ಲಾಸ್ಟಿಕ್ ಚಿಪ್ಪಿನೊಳಗೆ ಹಲ್ಲು, ಗುಂಡಿ, ಎರಡು ಗುಟ್ಟು ಎಲ್ಲ ಬಂದು ಸೇರಿದವು. ನಾವು ಮೋಸ ಹೋಗುವುದು ಇಲ್ಲೇ. ಎಲ್ಲ ಒಂದೇ ಚಿಪ್ಪಿನಲ್ಲಿರುವುದರಿಂದ ಎಲ್ಲವೂ ಒಂದೇ ವಸ್ತು ಅಂದುಕೊಳ್ಳುತ್ತೇವೆ. 'ಸೆಕ್ಯುರಿಟಿ ವಿಷಯ ಸಾರ್' ಅಂದರೆ ಸುಮ್ಮನಾಗುತ್ತೇವೆ. ಹೊಸ ಚಿಪ್ ಜೋಡಿಸಿ ಕಾರಿಗೆ ಪರಿಚಯ ಮಾಡಿಸುವುದು ನಿಜಕ್ಕೂ ಸೆಕ್ಯುರಿಟಿ ವಿಷಯ, ಅದಕ್ಕೆ ದುಡ್ಡು ಕೇಳುವುದೂ ನ್ಯಾಯ. ಆದರೆ ಹರಿದ ರಬ್ಬರಿಗೂ ಅದಕ್ಕೂ ಏನು ಸಂಬಂಧ? ತಮಾಷೆ ಅಂದರೆ 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು ಕೀಲಾಕನ್ನು ಒಡೆದು ತೋರಿಸಿದ್ದು ಚಿಪ್ ಬಳಸುವ ವಿದ್ಯುತ್ತಿನ ಏರಿಳಿತ ಅಳೆದು. ಗುಂಡಿ ರಿಪೇರಿ ಮಾಡಿದವರಿಂದ ಯಾವ ಗುಟ್ಟೂ ಹೊರಬೀಳಲಿಲ್ಲ.

ಸರಿ, ಮನೆಯಲ್ಲಿ ಏನು ಮಾಡಬಹುದು? ಚಿಪ್ಪಿನ ಅಂಚಿನ ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ನಿಧಾನಕ್ಕೆ ಬಿಡಿಸಿ (ಕೆಲವದಕ್ಕೆ ಸ್ಕ್ರೂ ಇರುತ್ತದೆ, ಮೊದಲು ನೋಡಿಕೊಳ್ಳಿ). ಬೋರ್ಡಿನ ಮೇಲೆ ಕೊಳೆ ಇದ್ದರೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಸ್ವಿಚ್ ಒತ್ತಿದರೆ 'ಟಿಕ್' ಅನ್ನದಿದ್ದರೆ ಅದೇ ಅಳತೆಯ ಹೊಸದನ್ನು ಬೆಸುಗೆ ಹಾಕಬೇಕು. ಬೆಂಗಳೂರಿನವರಿಗೆ ಅದಕ್ಕೆ ಎಸ್.ಪಿ. ರೋಡ್ ಇದ್ದೇ ಇದೆ. ರಬ್ಬರು ಮಾತ್ರ ಹರಿದಿದ್ದರೆ ಅದೇ ಮಾಡೆಲ್ಲಿನ ಖಾಲಿ ಚಿಪ್ಪು ತಂದು ಹಳೆಯ ಬೋರ್ಡನ್ನು ಅದರೊಳಗೆ ಕೂರಿಸಿದರೆ ಆಯಿತು. ಸೂಪರ್ ಗ್ಲೂ ಸಿಲಿಕೋನಿಗೆ ಹಿಡಿಯುವುದಿಲ್ಲ, ವ್ಯರ್ಥ. ತೂತು ಮುಚ್ಚಲು ಸಿಲಿಕೋನ್ ಸೀಲಂಟ್ ಆಗಬಹುದು. ಆದರೆ ಹುಳಿ ವಾಸನೆಯ ಸೀಲಂಟ್ ತಾಮ್ರವನ್ನು ತಿನ್ನುತ್ತದೆ, ಹಾಗಾಗಿ ಬೋರ್ಡ್ ಹೊರಗಿಟ್ಟು, ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಕೆಲವು ಕೀಗಳಲ್ಲಿ ಟ್ರಾನ್ಸ್‌ಪಾಂಡರ್ ಬೋರ್ಡಿನ ಮೇಲಿರುವುದಿಲ್ಲ. ಹಳೆಯ ಚಿಪ್ಪಿನ ಮೂಲೆಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕರಿ ತುಂಡಾಗಿ ಅಡಗಿರುತ್ತದೆ. ಅದನ್ನು ಹಳೆಯ ಚಿಪ್ಪಿನ ಜೊತೆ ಕಸಕ್ಕೆ ಎಸೆದರೆ ಬಾಗಿಲು ತೆರೆಯುತ್ತದೆ, ಇಂಜಿನ್ ಮಾತ್ರ ಚಾಲೂ ಆಗುವುದಿಲ್ಲ!

2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ ಕಾರು ರಿಪೇರಿಯ ಹಕ್ಕಿಗಾಗಿ ಮತ ಹಾಕಿದರು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಯಾವುದು ಗುಂಡಿ, ಯಾವುದು ಗುಟ್ಟು ಅಂತ ನಮಗೂ ಗೊತ್ತಿರಬೇಕು. ಆಗಲೇ "ಪೂರ್ತಿ ಬದಲಾಯಿಸಬೇಕು" ಅಂದವರನ್ನು "ಯಾಕೆ ಸ್ವಾಮಿ?" ಅಂತ ಕೇಳಲು ಬಾಯಿ ಬರುವುದು.