ಅಟ್ಟದ ಮ್ಯಾಲಿನ ಗಾಳ

ದೀವಳಿಗಿ ಮುಂದ ಅಟ್ಟ ಝಾಡಸ್ಲಾಕ ಏರಿದ್ದೆ. ಹಳೀ ಟ್ರಂಕಿನ ಹಿಂದ ಗೋಣಿಚೀಲದಾಗ ಸುತ್ತಿಟ್ಟ ಒಂದು ಕಬ್ಬಿಣದ ಸಾಮಾನು ಸಿಕ್ತು. ಕೆಳಗ ಇಳಿಸೋದೇ ತಡ, ಮೊಮ್ಮಗ ಓಡಿ ಬಂದು "ಅಜ್ಜಿ, ನಮ್ಮನ್ಯಾಗ ಹಡಗಿನ ಲಂಗರು ಅದ!" ಅಂತ ಕುಣದಾಡ್ದ.

ಅವನಿಗಿ ಫೋನಿನಾಗ ಮೀನು ಹಿಡಿಯೋರ ವಿಡಿಯೋ ನೋಡೋ ಹುಚ್ಚು. ನನಗೂ ಕೂಡಿಸಿ ತೋರಿಸ್ದ. ಆಳ ಸಮುದ್ರದಾಗ ಲಂಗರು ಬಿಟ್ಟು ಮೀನು ಹಿಡೀತಾರ. ಹೊರಡೋ ಹೊತ್ತಿಗಿ ಅಷ್ಟುದ್ದ ಹಗ್ಗ ಕೈಲೆ ಜಗ್ಗೋದು ಯಾರಿಗಿ ಆಗ್ತದ? ಅದಕ್ಕ ಹಗ್ಗಕ್ಕ ಒಂದು ಬಳಿ ಹಾಕಿ, ಆ ಬಳಿಗಿ ಗಾಳಿ ತುಂಬಿದ ದೊಡ್ಡ ಚೆಂಡು ಕಟ್ಟಿ ನೀರಿಗಿ ಬಿಡ್ತಾರ. ಬೋಟು ಮುಂದ ಮುಂದ ಹೋದಂಗ ಹಗ್ಗ ಬಳಿಯೊಳಗಿಂದ ಹಾಯ್ತದ, ಚೆಂಡು ಮುಳುಗಂಗಿಲ್ಲ, ಲಂಗರೇ ತಳ ಬಿಟ್ಟು ಎದ್ದು ಬಂದು ಚೆಂಡಿನ ಬುಡಕ್ಕ ಸಿಗತದ. ಆಮ್ಯಾಲ ಸಾವಕಾಶ ಹಗ್ಗ ಸುತ್ಕೊಂಡ್ರ ಆಯ್ತು.

"ಇದೇನು ದೊಡ್ಡ ವಿದ್ಯಾ ಅಲ್ಲಪ್ಪ, ನಮ್ಮ ಆಯಿ ಸೋರಿಬುರುಡಿ ಕಟ್ಟಿ ಇದೇ ಮಾಡ್ತಿದ್ಳು" ಅಂದೆ. ಹುಡುಗ ನಕ್ಕ. ಆಯಿ ಸಮುದ್ರ ಕಂಡಾಕಿ ಅಲ್ಲ, ಬಸವಕಲ್ಯಾಣ ದಾಟಿ ಹೋಗಿದ್ದೇ ಕಡಿಮಿ. ಅವನು ನಕ್ಕಿದ್ದಕ್ಕ ಇಷ್ಟೆಲ್ಲಾ ಬರಿಯಲತ್ತೀನಿ.

ಅಟ್ಟದ ಮ್ಯಾಲ ಸಿಕ್ಕಿದ್ದು ಗಾಳ. ಸಾಲಿ ಕನ್ನಡದಾಗ ಪಾತಾಳ ಗರಡಿ ಅಂತಾರ. ನಡುವ ಒಂದು ಬಳಿ, ಅದಕ್ಕ ಸರಪಳಿ, ಸರಪಳಿ ತುದಿಗಿ ನಾಕೂ ಕಡಿ ಬಾಗಿದ ಕೊಂಡಿ. ಸೇದಬಾವಿಗಿ ಬಿದ್ದ ಕೊಡ, ಬಕೀಟು, ತಂಬಿಗಿ ತಗಿಯೋದು ಇದರಿಂದೇ. ನನ್ನ ತವರುಮನಿ ಗಾಳ ಇದು, ಅವ್ವ ಹೋದ ಮ್ಯಾಲ ನಾ ಹುಮನಾಬಾದಿಗಿ ತಂದಿಟ್ಕೊಂಡೆ. ಬಂಗಾರ ಅಣ್ಣತಮ್ಮರು ನೋಡ್ಕೊಂಡ್ರು, ಇದಕ್ಕ ಯಾರೂ ಜಗಳ ಮಾಡಲಿಲ್ಲ.

ಗಾಳ ಹಾಕೋದು ಎಲ್ಲಾರಿಗೂ ಬರ್ತಿರಲಿಲ್ಲ. ಸೂರ್ಯ ನೆತ್ತಿ ಮ್ಯಾಲ ಬರೋತನ ಕಾಯಬೇಕು. ಒಬ್ಬರು ದಂಡಿಗಿ ನಿಂತು ಕನ್ನಡಿ ಹಿಡಿದು ಬಿಸಲು ಬಾವಿಯೊಳಗ ಬಿಡಬೇಕು. ಗಾಳ ತಳ ಮುಟ್ಟಿದ ಮ್ಯಾಲ ಜಗ್ಗಬಾರದು, ಕಸ ಬಳದಂಗ ಮೆತ್ತಗ ಎಳಿಬೇಕು. ಕಲ್ಲಿಗಿ ತಾಕಿದ್ರ ಒಂದು ನಮೂನಿ, ಕೊಡದ ಕಂಠಕ್ಕ ತಾಕಿದ್ರ ಒಂದು ನಮೂನಿ, ಕೈಗೇ ತಿಳಿಬೇಕು. ಕೊಡ ಸಿಕ್ತು ಅಂತ ಖುಷಿಲೆ ಭರಭರ ಎತ್ತಿದ್ರ ನೀರಿನ ಮ್ಯಾಲ ಬರೋವಾಗಲೇ ಕಳ್ಚಿ ಬೀಳ್ತದ. ಯಾಕಂದ್ರ ನೀರೊಳಗ ಇರೋತನ ತಾಮ್ರದ ತೂಕ ಅಷ್ಟೇ, ಹೊರಗ ಬಂತು ಅಂದ್ರ ಒಳಗಿನ 15 ಲೀಟರ್ ನೀರಿನ ತೂಕಾನೂ ಕೂಡ್ತದ. ಅದಕ್ಕ ಆಯಿ ಕೊಡ ಇನ್ನೂ ಗೇಣುದ್ದ ನೀರೊಳಗ ಇದ್ದಾಗಲೇ ತಡದು, ಎರಡನೇ ಹಗ್ಗ ಇಳಿಸಿ ಅದಕ್ಕೂ ಒಂದು ಕೊಂಡಿ ಸಿಗಸ್ತಿದ್ಳು.

ಸೋರಿಬುರುಡಿ ಎಲ್ಲಿ ಬಂತು ಅಂದ್ರ, ಹೊಸಾ ಸೊಸೆಂದಿರ ಹಗ್ಗಕ್ಕ. ಕೈ ಜಾರಿ ಹಗ್ಗ ಸಮೇತ ಕೊಡ ಹೋದ್ರ ತೊಯ್ದ ಹಗ್ಗಾನೂ ಮುಳುಗ್ತದ. ಹಗ್ಗದ ತುದಿಗಿ ಒಣಗಿದ ಸೋರಿಬುರುಡಿ ಕಟ್ಟಿದ್ರ ಅದು ಮ್ಯಾಲ ತೇಲ್ತದ. ಬುರುಡಿ ಬುಡಕ್ಕ ಗಾಳ ಹಾಕಿ ಹಗ್ಗ ಹಿಡಿದ್ರ ಕೊಡ ತಾನೇ ಬಂತು. ಈಗ ನಮ್ಮ ಚುಳಕಿನಾಲಾ ಡ್ಯಾಮಿನಾಗ ಮೀನು ಹಿಡಿಯೋರು ಬಲಿಗಿ ಖಾಲಿ ನೀರಿನ ಬಾಟ್ಲಿ ಕಟ್ತಾರ ನೋಡ್ರಿ, ಅದೇ ಲೆಕ್ಕ.

ಗಾಳ ಅನ್ನೋ ಮಾತು ಮೀನು ಹಿಡಿಯೋರದೇ. ಆ ಮೀನು ಹಿಡಿಯೋ ವಿದ್ಯಾದ ಮ್ಯಾಲ ನಮ್ಮ ಕಲ್ಯಾಣದ ಅರಸನೇ ಬರದಾನ ಅಂದ್ರ ನಂಬ್ತೀರೇನು? ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ, 1130ರ ಸುಮಾರಿಗಿ ಸಂಸ್ಕೃತದಾಗ 'ಮಾನಸೋಲ್ಲಾಸ' ಬರಸಿದ. ಇಡ್ಲಿ, ದೋಸಿಯಂಥ ತಿಂಡಿ ಅದರಾಗ ಅವ ಅಂತ ನಾವೆಲ್ಲಾ ಕೇಳೀವಿ. ಅದರಾಗೇ ಮತ್ಸ್ಯವಿನೋದ ಅಂತ ಒಂದು ಭಾಗ ಅದ. 30ಕ್ಕೂ ಹೆಚ್ಚು ನಮೂನಿ ಮೀನಿನ ಹೆಸರು, ಯಾವ ಮೀನಿಗಿ ಏನು ತಿನಸಬೇಕು, ಗಾಳದ ದಾರ ಹ್ಯಾಂಗಿರಬೇಕು, ಎಲ್ಲಾ ಬರದಾನ. ಮೀನಿನ ಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಾಗ ಅದರ ಮ್ಯಾಲ ಒಂದು ಲೇಖನ ಬರದು ಹೊರದೇಶದವರಿಗೂ ತೋರಿಸಿಕೊಟ್ರು. ಅರಸನಿಗಿ ಅದು ಆಟ. ಕೊಡ ಕಳಕೊಂಡ ಸೊಸಿ ಸಂಕಟ ಬರಿಲಾಕ ಅವನ ದರಬಾರಿನಾಗ ಯಾರಿದ್ರು?

ಸೇದಬಾವಿ ನಮ್ಮ ಕಡಿ ಇಷ್ಟು ಆಗಿದ್ದಕ್ಕೂ ಒಂದು ಕಾರಣ ಅದ. ಮೊದಲು ಭಾಳ ಕಡಿ ಇದ್ದದ್ದು ಮೆಟ್ಟಿಲ ಬಾವಿ. ಕೊಡ ಬಿದ್ರ ಈಸು ಬರೋ ಹುಡುಗ ಮುಳುಗಿ ತರ್ತಿದ್ದ, ಗಾಳದ ಗರಜೇ ಇರಲಿಲ್ಲ. ಖರೆ ಆ ಮೆಟ್ಟಿಲಿಂದೇ ನಾರುಹುಣ್ಣು ಹಬ್ಬತಿತ್ತು. ಹುಣ್ಣಿದ್ದ ಕಾಲು ನೀರಿನಾಗ ಇಟ್ರ ಹುಳ ಅಲ್ಲೇ ಮರಿ ಬಿಡ್ತದ, ಆ ಮರಿ ನೀರಿನ ಸಣ್ಣ ಕೀಟದೊಳಗ ಸೇರ್ತಾವ, ಆ ನೀರು ಕುಡದವರಿಗಿ ಒಂದು ವರ್ಷಕ್ಕ ಕಾಲಾಗಿಂದ ದಾರದಂಗ ಹುಳ ಹೊರಗ ಬರ್ತದ. ಆಯಿ ಕಾಲಿನ ಮ್ಯಾಲ ಅದರ ಕಲಿ ಇತ್ತು. ಹುಳ ತುಂಡಾಗಬಾರದು ಅಂತ ಕಡ್ಡಿಗಿ ಸುತ್ಕೋತ ದಿನಕ್ಕ ಒಂದು ಬೆರಳು ಜಗ್ಗತಿದ್ರಂತ. ಮುಂದ ಸರಕಾರದವರು ಮೆಟ್ಟಿಲ ಬಾವಿಗಿ ಕಟ್ಟಿ ಕಟ್ಟಸಿ ಸೇದಬಾವಿ ಮಾಡಸ್ಲಾಕ ಹತ್ತಿದ್ರು, ನೀರು ಅರಬಿಲೆ ಸೋಸಿ ಕುಡೀರಿ ಅಂತ ಮನಿಮನಿಗಿ ಹೇಳಿದ್ರು. ನಮ್ಮ ದೇಶದಾಗ ಕಡೀ ರೋಗಿ ಕಂಡಿದ್ದು 1996ರಾಗ, 2000ದಾಗ ಭಾರತ ನಾರುಹುಣ್ಣಿಲ್ಲದ ದೇಶ ಅಂತ ಸರ್ಟಿಫಿಕೇಟ್ ಸಿಕ್ತು. ಹುಣ್ಣು ಹೋಯ್ತು, ಗಾಳದ ಕೆಲಸ ಹೆಚ್ಚಾಯ್ತು.

ಈಗ 1948ರ ಮಾತು. ಅವಾಗ ಊರಿಗಿ ಕಲ್ಯಾಣಿ ಅಂತಿದ್ರು, ನಿಜಾಮನ ರಾಜ್ಯ. ಮೇ ತಿಂಗಳದಾಗ ಹತ್ತಿರದ ಗೋರ್ಟಾದಾಗ ರಜಾಕಾರರು ಮಂದಿ ಕೊಂದ ಸುದ್ದಿ ಬಂತು. ಮುತ್ಯಾ ರಾತೋರಾತ್ರಿ ಮನಿ ಬಿಡೋದು ಅಂತ ಠರಾಯಿಸ್ದ. ಎಲ್ಲಾ ಹೊತ್ಕೊಂಡು ಹೋಗಲಾಕ ಆಗಂಗಿಲ್ಲ. ತಾಮ್ರದ ಕೊಡ, ಹಿತ್ತಾಳಿ ಸಮೆ, ತಾಟು ಎಲ್ಲಾ ದೊಡ್ಡ ಹಂಡೆದಾಗ ಹಾಕಿ, ಸೀರಿಲೆ ಬಾಯಿ ಕಟ್ಟಿ ಬಾವಿಗಿ ಇಳಿಸಿದ್ರು. ಹಗ್ಗದ ತುದಿಗಿ ಸೋರಿಬುರುಡಿ. ಆಯಿ ಅವಾಗ ಇನ್ನೂ ಹೊಸಾ ಸೊಸಿ, ಖರೆ ಆ ಯುಕ್ತಿ ಆಕಿದೇ. ಬುರುಡಿ ಮ್ಯಾಲ ತೇಲಿದ್ರ ಕಳ್ಳರಿಗಿ ಕಾಣ್ತದ, ಅದಕ್ಕ ಹಗ್ಗ ಗಿಡ್ಡ ಮಾಡಿ ಬುರುಡಿ ಮೊಳದುದ್ದ ನೀರೊಳಗೇ ನಿಲ್ಲೋ ಹಂಗ ಕಟ್ಟಿದ್ಳು. ಆಮ್ಯಾಲ ಸೋಲಾಪುರ ಕಡಿ ಸಂಬಂಧಿಕರ ಮನಿಗಿ ಹೋದ್ರು.

ಸಪ್ಟೆಂಬರ್ 13ಕ್ಕ ಭಾರತದ ಫೌಜು ಬಂತು, 17ಕ್ಕ ನಿಜಾಮ ಶರಣಾದ. ದಸರಾ ಮುಂದ ತಿರುಗಿ ಬಂದು ನೋಡಿದ್ರ ಮಳಿಗಿ ಬಾವಿ ತುಂಬ್ಯಾದ, ಬುರುಡಿ ನೀರು ಕುಡದು ತಳಕ್ಕ ಹೋಗ್ಯಾದ. ಇದೇ ಗಾಳ 3 ದಿನ ಹಾಕಿದ್ರಂತ. ಹಂಡೆ ಬಂತು, ಸೀರಿ ಹರದಿತ್ತು, ಸಾಮಾನು ಒಂದೊಂದೇ ಬಂತು. ಮೂರನೇ ದಿನ ಬಂದದ್ದು ನಮ್ಮದಲ್ಲ. ಕಲಾಯಿ ಮಾಡಿದ ಒಂದು ಬದನಿ, ಹಿಂದೇ ಒಂದು ಪಾಂದಾನ. ಬಾಜೂ ಮನಿ ಚಾಚಿದು! ನಾವು ಬಚ್ಚಿಟ್ಟ ಬಾವಿಯಾಗೇ ಅವರೂ ಬಚ್ಚಿಟ್ಟು ಓಡಿದ್ರು. ಫೌಜು ಬಂದ ಮ್ಯಾಲ ನಮ್ಮ ಜಿಲ್ಲಾದಾಗ ಮುಸಲ್ಮಾನರಿಗಿ ಭಾಳ ಕೆಟ್ಟ ದಿನ ಬಂದಿದ್ವು. ದಿಲ್ಲಿಯಿಂದ ಬಂದ ಪಂಡಿತ ಸುಂದರಲಾಲ್ ಕಮಿಟಿ, ಹೆಚ್ಚು ನೊಂದ 4 ಜಿಲ್ಲಾದಾಗ ಬೀದರಿನ ಹೆಸರೂ ಬರದಿತ್ತು. ಆ ಕಾಗದ 2013ರ ತನಕ ಮಂದಿಗಿ ಓದಲಾಕೇ ಸಿಗಲಿಲ್ಲ.

ಮುತ್ಯಾ "ತಿರುಗಿ ಬಾವಿಗೇ ಒಗಿ, ಯಾರರೆ ನೋಡಿದ್ರ ಲೂಟಿ ಮಾಡೀವಿ ಅಂತಾರ" ಅಂದನಂತ. ಆಯಿ ಹುಣಸಿಹಣ್ಣು ಹಚ್ಚಿ ತಿಕ್ಕಿ, ನಮ್ಮ ಜ್ವಾಳದ ವಾಡೆದೊಳಗ ಮುಚ್ಚಿಟ್ಳು. ಎರಡು ವರ್ಷಕ್ಕ ಚಾಚಿ ಹೈದರಾಬಾದಿನಿಂದ ಮನಿ ನೋಡ್ಲಾಕ ಬಂದಾಗ ಕೈಗಿ ಕೊಟ್ಳು. ಚಾಚಿ ಪಾಂದಾನ ತಗೊಂಡು, ಬದನಿ ಆಯಿಗೇ ಬಿಟ್ಟು ಹೋದ್ಳು. ನಮ್ಮ ತುಳಸಿಗಿ ನೀರು ಹಾಕ್ಲಾಕ ಅದೇ ಬದನಿ ಇತ್ತು. ನಾ ಸಣ್ಣಾಕಿ ಇದ್ದಾಗ ಬಂದವರು ಯಾರರೆ ಮೂಗು ಮುರಿದ್ರ ಆಯಿ ಕೇಳಿಸಿಲ್ದಂಗ ಮಾಡ್ತಿದ್ಳು.

ಆಯಿ ತವರಿಂದ ತಂದ ಕೊಡ ಮಾತ್ರ ಸಿಕ್ಕಿರಲಿಲ್ಲ. 1972ರ ಬರಕ್ಕ ಬಾವಿ ಬತ್ತಿ ರಾಡಿ ತಗಿಸಿದಾಗ ಸಿಕ್ತು. ಕಂಠದ ಮ್ಯಾಲ ಚುಕ್ಕಿ ಚುಕ್ಕಿಲೆ ಹೊಡಿಸಿದ ಅವರವ್ವನ ಹೆಸರು ಓದಲಾಕ ಬರ್ತಿತ್ತು. ಆ ಕೊಡ ಈಗ ನಮ್ಮ ತಮ್ಮನ ಮನ್ಯಾಗ ಅದ.

ಗಾಳ ಎಲ್ಲಾರ ಮನ್ಯಾಗ ಇರ್ತಿರಲಿಲ್ಲ, ಓಣಿಗಿ ಒಂದು. ಒಯ್ಯೋರು ಒಂದು ತಂಬಿಗಿ ಅಡ ಇಟ್ಟು ಒಯ್ಯಬೇಕು, ಗಾಳ ತಂದು ಕೊಟ್ಟು ತಂಬಿಗಿ ಒಯ್ಯಬೇಕು. ಅತ್ತಿಗಿ ಹೆದರಿ ಹಿತ್ತಲ ಬಾಗಲಿಗಿ ಬಂದ ಸೊಸೆಂದಿರಿಗಿ ಆಯಿ ಏನೂ ಕೇಳದಂಗ ಕೊಡ್ತಿದ್ಳು. ಒಂದು ರಾತ್ರಿ ಇಬ್ಬರು ಗಂಡಸರು ಕಂದೀಲು ಹಿಡಕೊಂಡು ಬಂದ್ರು, ನಾ 11 ವರ್ಷದಾಕಿ. ಮಾತಾಡಲಿಲ್ಲ. ಆಯಿ ಗಾಳ ಕೊಟ್ಳು, ತಂಬಿಗಿ ಕೇಳಲಿಲ್ಲ. ಮುಂಜಾನಿ ತಿಳೀತು, ಆ ಮನಿ ಸಣ್ಣ ಸೊಸಿ. ಹ್ವಾದ ವಾರನೇ ಆಕಿ ಕೊಡ ಬೀಳಿಸಿಕೊಂಡು ನಮ್ಮಲ್ಲಿ ಬಂದಿದ್ಳು, ನಾನೇ ಕನ್ನಡಿ ಹಿಡಿದಿದ್ದೆ. ಗಾಳ ತಿರುಗಿ ಬಂದ ಮ್ಯಾಲ ಆಯಿ ಬಾವಿ ಕಟ್ಟಿ ಮ್ಯಾಲ ಕುಂತು "ಅಂದು ಒಂದು ಮಾತು ಕೇಳಬೇಕಿತ್ತು" ಅಂದ್ಳು. ಅಲ್ಲಿಂದ ಆಯಿ ಸುಮ್ಮ ಕೊಡಲಿಲ್ಲ. ಯಾರೇ ಬರಲಿ, ಕುಂದರಿಸಿ ಚಾ ಕುಡಿಸಿ, ಮನ್ಯಾಗ ಹ್ಯಾಂಗ ಅದ ಅಂತ ಕೇಳಿನೇ ಗಾಳ ಕೈಗಿ ಕೊಡ್ತಿದ್ಳು.

ಹುಮನಾಬಾದಿನ ನಮ್ಮ ಮನಿ ಬಾವಿ ಕೆಂಪು ಮುರಕಲ್ಲಿಂದು. ಬೋರ್ ಹಾಕಿಸಿದ ಮ್ಯಾಲ ಅದರ ಬಾಯಿಗಿ ಫರಸಿ ಮುಚ್ಚಿ ತುಳಸಿಕಟ್ಟಿ ಮಾಡೀವಿ. ಹ್ವಾದ ಬ್ಯಾಸಿಗ್ಯಾಗ ಬೋರಿನ ಪೈಪು ಕಳ್ಚಿ ಮೋಟರ್ ಒಳಗ ಬಿತ್ತು. ತಗಿಲಾಕ ಬಂದ ಹುಡುಗರು ಕೊಂಡಿ ಇಳಿಸಿ ಜಗ್ಗಲತ್ತಿದ್ರು. ನಾ ಅಡಗಿಮನಿ ಕಿಟಕಿಯಿಂದೇ "ಜಗ್ಗಬ್ಯಾಡ್ರಪ್ಪ, ಮೆತ್ತಗ ಎಳೀರಿ" ಅಂದೆ. ಒಬ್ಬ ಹೊಳ್ಳಿ ನೋಡಿ "ಅಮ್ಮಾರ, ನಿಮಗೇನು ಮಾಲೂಮು?" ಅಂದ. ಮಧ್ಯಾಹ್ನಕ್ಕ ಮೋಟರ್ ಬಂತು.

ನಿಮ್ಮ ಓಣ್ಯಾಗ ಗಾಳ ಯಾರ ಮನ್ಯಾಗ ಇತ್ತು, ಅದಕ್ಕ ಏನು ಅಡ ಇಡ್ತಿದ್ರಿ, ನೆನಪಿದ್ರ ಫೋನ್ ಮಾಡಿ ಹೇಳ್ರಿ ಅಕ್ಕೋರೆ. ಮೊಮ್ಮಗ ಈಗ ಗಾಳಕ್ಕ ಎಣ್ಣಿ ಹಚ್ಚಿ ಒರಸಲತ್ಯಾನ.